ತೀರಿಕೊಂಡವರ ಆಸ್ತಿ: ಪೌತಿ ಖಾತೆಯೋ, ಉತ್ತರಾಧಿಕಾರ ಪ್ರಮಾಣಪತ್ರವೋ, ಪ್ರೊಬೇಟೋ? ಯಾವುದಕ್ಕೆ ಯಾರ ಬಳಿ ಹೋಗಬೇಕು?

ಮನೆಯ ಯಜಮಾನರು ತೀರಿಕೊಂಡು ತಿಥಿ ಮುಗಿದ ವಾರಕ್ಕೆ ಶುರುವಾಗುವ ಪ್ರಶ್ನೆ ‘ಒಳ್ಳೆ ವಕೀಲರು ಯಾರಿದ್ದಾರೆ?’ ಎಂಬುದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬಹುಪಾಲು ಕುಟುಂಬಗಳಿಗೆ ಅದು ಎರಡನೆಯ ಪ್ರಶ್ನೆಯಾಗಬೇಕು. ಮೊದಲು ಗೊತ್ತಾಗಬೇಕಾದದ್ದು ಯಾವ ಆಸ್ತಿಗೆ ಯಾವ ಕಾಗದ ಬೇಕು ಎಂಬುದು. ಒಂದೂವರೆ ಎಕರೆ ತೆಂಗಿನ ತೋಟ, ಹಳ್ಳಿ ಮನೆ, ಸೊಸೈಟಿ ಸಾಲ ಇಷ್ಟೇ ಇದ್ದು, ಮಕ್ಕಳಲ್ಲಿ ಒಮ್ಮತವೂ ಇದ್ದರೆ ಕೋರ್ಟಿನ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ. ನಾಮಿನಿ ಇಲ್ಲದ 20 ಲಕ್ಷದ ಠೇವಣಿ ಇದ್ದರೆ, ಮಕ್ಕಳು ಎಷ್ಟೇ ಹೊಂದಿಕೊಂಡಿದ್ದರೂ ಕೋರ್ಟಿಗೆ ಹೋಗಬೇಕಾಗಬಹುದು. ಪ್ರೊಬೇಟ್ (ವಿಲ್‌ಗೆ ಕೋರ್ಟ್ ಕೊಡುವ ಮುದ್ರೆ) ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಪೌತಿ ಖಾತೆ (ಪಹಣಿಗೆ ವಾರಸುದಾರರ ಹೆಸರು ಏರಿಸುವುದು). ಪೌತಿ ಖಾತೆ ಆಯಿತೆಂದು ನಿಶ್ಚಿಂತೆಯಾಗಿರುವವರಲ್ಲಿ ಹೆಚ್ಚಿನವರು ಅದನ್ನೇ ಹಕ್ಕುಪತ್ರ ಎಂದುಕೊಂಡಿರುತ್ತಾರೆ. ಎರಡೂ ತಪ್ಪು ಲೆಕ್ಕ.

ಯಾವ ದಾರಿಯಾದರೂ ಮರಣ ಪ್ರಮಾಣಪತ್ರ ಇಲ್ಲದೆ ಶುರುವಾಗದು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ತಲೆನೋವಿಲ್ಲ. ಒಂದು ವರ್ಷ ದಾಟಿದ್ದರೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿ, ಇಲ್ಲವೇ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ಪ್ರತಿಗಳನ್ನು ಒಂದೇ ಸಲಕ್ಕೆ ಹತ್ತು ತೆಗೆಸಿಟ್ಟುಕೊಳ್ಳಿ, ಬೇಕಾಗುತ್ತವೆ.

ವಂಶವೃಕ್ಷ: ಇಲ್ಲಿ ತಪ್ಪಿದರೆ ಮುಂದೆಲ್ಲ ತಪ್ಪು

ನಾಡಕಚೇರಿಗೆ ಅರ್ಜಿ ಹಾಕಿ ಪಡೆಯುವ ವಂಶವೃಕ್ಷ ದೃಢೀಕರಣಕ್ಕೆ ಬೇಕಾಗುವುದು ನೋಟರಿ ಅಫಿಡವಿಟ್, ಆಧಾರ್, ಮರಣ ಪ್ರಮಾಣಪತ್ರ ಮತ್ತು ಗ್ರಾಮ ಆಡಳಿತಾಧಿಕಾರಿಯ ಸ್ಥಳ ವಿಚಾರಣೆ. ಊರಲ್ಲಿ ಈಗಲೂ ‘ವಿ.ಎ.’ ಎಂದೇ ಕರೆಯುವ ಅಧಿಕಾರಿ ಅವರೇ. ಕಷ್ಟದ ಕೆಲಸವೇನಲ್ಲ. ಆದರೆ ಮುಂದೆ ಹತ್ತು ವರ್ಷ ನಡೆಯುವ ದಾವೆಗಳ ಬೀಜ ಬೀಳುವುದು ಇಲ್ಲೇ.

ಒಂದು ಉದಾಹರಣೆ ನೋಡಿ. ಗುಬ್ಬಿ ತಾಲ್ಲೂಕಿನ ಒಬ್ಬ ರೈತ ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಅವರ ತಾಯಿ ಬದುಕಿದ್ದಾರೆ. ಹೆಂಡತಿ ಇದ್ದಾರೆ, ಇಬ್ಬರು ಗಂಡುಮಕ್ಕಳಿದ್ದಾರೆ. ಒಬ್ಬ ಮಗಳು ತಂದೆಗಿಂತ ಮೊದಲೇ ತೀರಿಕೊಂಡಿದ್ದು, ಆಕೆಗೆ ಒಂದು ಗಂಡು, ಒಂದು ಹೆಣ್ಣು. ಊರಿನವರು ಬರೆಸುವ ವಂಶವೃಕ್ಷದಲ್ಲಿ ಸಾಮಾನ್ಯವಾಗಿ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು ಮಾತ್ರ ಇರುತ್ತಾರೆ. ಕಾನೂನಿನ ಲೆಕ್ಕ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಯೂ ಮೊದಲ ವರ್ಗದ ವಾರಸುದಾರಳು. ಆ ರೈತ ಸ್ವಂತ ದುಡಿಮೆಯಿಂದ ಕೊಂಡ ಜಮೀನು ಐದು ಪಾಲಾಗುತ್ತದೆ: ತಾಯಿಗೆ ಒಂದು, ಹೆಂಡತಿಗೆ ಒಂದು, ಗಂಡುಮಕ್ಕಳಿಗೆ ಒಂದೊಂದು, ತೀರಿಹೋದ ಮಗಳ ಕವಲಿಗೆ ಒಂದು. ಆ ಕೊನೆಯ ಐದನೇ ಒಂದು ಭಾಗ ಮೊಮ್ಮಕ್ಕಳಿಬ್ಬರಿಗೆ ಹತ್ತನೇ ಒಂದರಂತೆ ಹಂಚಿಕೆಯಾಗುತ್ತದೆ. ಅಳಿಯನಿಗೆ ಏನೂ ಇಲ್ಲ. ರೈತನ ತಂದೆ ಬದುಕಿದ್ದರೂ ಅವರಿಗೆ ಪಾಲಿಲ್ಲ, ಅವರು ಎರಡನೇ ವರ್ಗದಲ್ಲಿ ಬರುತ್ತಾರೆ.

‘ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎಂಬ ಮಾತು ವಂಶವೃಕ್ಷದಿಂದ ಹೆಸರು ಬಿಡಲು ಕಾರಣವಾಗದು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಮಗಳಿಗೆ ಮಗನಷ್ಟೇ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಜಾರಿಗೆ ಬಂದ 9-9-2005ರಂದು ತಂದೆ ಬದುಕಿರಲೇಬೇಕು ಎಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 20-12-2004ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕವೋ ಕೋರ್ಟ್ ಡಿಕ್ರಿಯ ಮೂಲಕವೋ ಭಾಗವಾಗಿದ್ದರೆ ಮಾತ್ರ ಅದನ್ನು ಕೆದಕಲಾಗದು. ಹೆಸರು ಬಿಟ್ಟು ಖಾತೆ ಮಾಡಿಸಿಕೊಂಡು, ಆಮೇಲೆ ಮಾರಲು ಹೋದಾಗ ಕೊಳ್ಳುವವರ ವಕೀಲರು ಕೇಳುವ ಮೊದಲ ಮಾತು ‘ಅಕ್ಕತಂಗಿಯರ ಸಹಿ ಎಲ್ಲಿ?’

ಇನ್ನೊಂದು ಚಿಕ್ಕ ವಿಷಯ ದೊಡ್ಡದಾಗುತ್ತದೆ: ಹೆಸರು. ಪಹಣಿಯಲ್ಲಿ ‘ಹನುಮಯ್ಯ ಬಿನ್ ತಿಮ್ಮಯ್ಯ’, ಆಧಾರ್‌ನಲ್ಲಿ ‘ಹನುಮಂತರಾಯಪ್ಪ’, ಬ್ಯಾಂಕಿನಲ್ಲಿ ಇಂಗ್ಲಿಷ್ ಇನಿಷಿಯಲ್ ಸೇರಿದ ಮೂರನೆಯ ಹೆಸರು. ವಂಶವೃಕ್ಷದಲ್ಲೇ ‘ಉರುಫ್’ ಹಾಕಿ ಎಲ್ಲ ರೂಪಗಳನ್ನೂ ಬರೆಸಿ, ಮೂರೂ ಒಬ್ಬರದೇ ಹೆಸರು ಎಂಬ ಅಫಿಡವಿಟ್ ಜೊತೆಗಿಡಿ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆ ಹಳೆಯ ಕಾಗದಗಳಲ್ಲಿ ತೆಲುಗು ಉಚ್ಚಾರಣೆಯ ಹೆಸರುಗಳು ಇರುವುದರಿಂದ ಅಲ್ಲಿ ಈ ಎಚ್ಚರ ಎರಡರಷ್ಟು ಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಶಿಡ್ಲಘಟ್ಟ, ಚಿಂತಾಮಣಿಯ ಪತ್ರಗಳಲ್ಲಿ ‘ಕೋಲಾರ ಜಿಲ್ಲೆ’ ಎಂದೇ ಇರುತ್ತದೆ. ಗಾಬರಿಯಾಗುವ ದೋಷ ಅದಲ್ಲ, ಆದರೆ ಹೊಸ ಪತ್ರದಲ್ಲಿ ‘ಹಿಂದಿನ ಕೋಲಾರ ಜಿಲ್ಲೆ’ ಎಂದು ಒಂದು ಸಾಲು ಸೇರಿಸಿದರೆ ಮುಂದಿನವರಿಗೆ ಗೊಂದಲವಿಲ್ಲ.

ಜಮೀನು: ಪೌತಿ ಖಾತೆ, ಪಾಲುಪಾರಿಕತ್ತು, ಹಕ್ಕು ಖುಲಾಸೆ

ಪೌತಿ ಖಾತೆ ಎಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರನ್ನು ಪಹಣಿಗೆ ಏರಿಸುವುದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕು. ತಡವಾದರೆ ಹಕ್ಕೇನೂ ಹೋಗುವುದಿಲ್ಲ, ಕೆಲಸ ಹೆಚ್ಚಾಗುತ್ತದೆ ಅಷ್ಟೇ. ಅರ್ಜಿ ಬಿದ್ದ ಮೇಲೆ ನೋಟಿಸ್ ಹೊರಡಿಸಿ 30 ದಿನ ತಕರಾರಿಗೆ ಕಾಯುತ್ತಾರೆ. ತಕರಾರು ಬಾರದಿದ್ದರೆ ಮ್ಯುಟೇಷನ್ (ಖಾತೆ ಬದಲಾವಣೆ) ಆಗಿ ಎಂ.ಆರ್. ನಂಬರ್, ಅಂದರೆ ಮ್ಯುಟೇಷನ್ ರಿಜಿಸ್ಟರಿನ ನಂಬರ್ ಬೀಳುತ್ತದೆ. ಈಚೆಗೆ ಕಂದಾಯ ಇಲಾಖೆ ಗ್ರಾಮ ಆಡಳಿತಾಧಿಕಾರಿಗಳ ಮೂಲಕವೇ ಇ-ಪೌತಿ ಆಂದೋಲನ ನಡೆಸುತ್ತಿರುವುದರಿಂದ, ತಕರಾರಿಲ್ಲದ ಮನೆಗಳಿಗೆ ಇದು ಹೆಚ್ಚುಕಡಿಮೆ ವಕೀಲರಿಲ್ಲದೆ ಮುಗಿಯುವ ಕೆಲಸ.

ಇದರ ಲಾಭ ದಿನನಿತ್ಯದ್ದು. ಪಹಣಿಯಲ್ಲಿ ಹೆಸರಿಲ್ಲದೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಸಿಗದು. ಅದಿಲ್ಲದೆ ಬೆಳೆ ಪರಿಹಾರವಾಗಲಿ ಬೆಳೆ ಸಾಲವಾಗಲಿ ಬಾರದು. ಮಿತಿಯೂ ಅಷ್ಟೇ ಸ್ಪಷ್ಟ: ಎಲ್ಲರ ಹೆಸರಿನ ಜಂಟಿ ಖಾತೆ ಯಾರ ಪಾಲು ಎಲ್ಲಿದೆ ಎಂದು ಹೇಳುವುದಿಲ್ಲ. ಖಾತೆಯ ನಮೂದು ಸರಿ ಎಂಬ ಊಹೆಯನ್ನು 133ನೇ ಕಲಂ ಕೊಡುತ್ತದೆ, ಮಾಲೀಕತ್ವವನ್ನು ಕೊಡುವುದಿಲ್ಲ. ಒಬ್ಬ ಅಣ್ಣನ ಹೆಸರಿಗೆ ಮಾತ್ರ ಪೌತಿಯಾಗಿದ್ದರೂ ತಂಗಿಯ ಪಾಲು ಅಲ್ಲೇ ಇರುತ್ತದೆ. ಅಣ್ಣನೇ ಯಜಮಾನ ಎಂದು ನಂಬಿ ಕೊಂಡವರ ಹಣಕ್ಕೆ ಸಂಚಕಾರ.

ಒಮ್ಮತ ಇದ್ದರೆ ಪೌತಿಯ ನಂತರದ ಮೆಟ್ಟಿಲು ನೋಂದಾಯಿತ ಪಾಲುಪಾರಿಕತ್ತು ಅಥವಾ ಹಕ್ಕು ಖುಲಾಸೆ ಪತ್ರ. ಎರಡರ ಆಯ್ಕೆ ಸರಳ. ಎಲ್ಲರೂ ಆಸ್ತಿ ಇಟ್ಟುಕೊಳ್ಳುವುದಾದರೆ ಪಾಲುಪಾರಿಕತ್ತು. ಕೆಲವರು ಬಿಟ್ಟುಕೊಟ್ಟು ಇನ್ನು ಕೆಲವರು ಉಳಿಸಿಕೊಳ್ಳುವುದಾದರೆ ಹಕ್ಕು ಖುಲಾಸೆ. ಕುಟುಂಬದೊಳಗಿನ ಇವೆರಡಕ್ಕೂ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಆಸ್ತಿ ಬೆಲೆಯ ಶೇಕಡಾವಾರು ಅಲ್ಲ. ನಗರ, ಪಟ್ಟಣ, ಹಳ್ಳಿ ಎಂದು ನೋಡಿ ಒಂದು ನಿಗದಿತ ಮೊತ್ತ. ಸಂಬಂಧ ಕುಟುಂಬದ ವ್ಯಾಖ್ಯೆಯಿಂದ ಆಚೆ ಹೋದರೆ ಶೇಕಡಾವಾರು ಬೀಳುತ್ತದೆ, ಅದನ್ನು ಪತ್ರ ಬರೆಸುವ ಮೊದಲೇ ಕೇಳಿ.

ಇಲ್ಲಿ ಎಡವುವ ಜಾಗಗಳು ಮೂರು. ಒಂದು ಸರ್ವೆ ನಂಬರನ್ನು ಒಡೆದು ಹಂಚುವುದಾದರೆ 11ಇ ನಕ್ಷೆ ಬೇಕು. ಸರ್ವೆಯರ್ ಬಂದು ಅಳೆದು ನಕ್ಷೆ ಕೊಡುವ ತನಕ ನೋಂದಣಿ ಆಗದು, ಆ ಕಾಯುವಿಕೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡನೆಯದು, ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದ್ದರೆ ತಾತನ ಎಲ್ಲ ಮಕ್ಕಳ ಕವಲುಗಳೂ ವಂಶವೃಕ್ಷದಲ್ಲಿ ಬರಬೇಕು. ಚಿಕ್ಕಪ್ಪನ ಮಕ್ಕಳು ಬೆಂಗಳೂರಿನಲ್ಲಿದ್ದು ಮಾತು ಬಿಟ್ಟಿದ್ದರೂ ಸರಿ, ಅವರನ್ನು ಬಿಡುವಂತಿಲ್ಲ. ಮೂರನೆಯದು ಅಪ್ರಾಪ್ತ ವಯಸ್ಸಿನ ಮಕ್ಕಳು. ಗಂಡ ತೀರಿಕೊಂಡ ತಾಯಿ ತನ್ನ ಚಿಕ್ಕ ಮಕ್ಕಳಿಗೆ ಬಂದ ಪ್ರತ್ಯೇಕ ಪಾಲನ್ನು ಮೈದುನನಿಗೆ ಖುಲಾಸೆ ಮಾಡಿಕೊಡಲು ಕೋರ್ಟಿನ ಅನುಮತಿ ಬೇಕು. ಅನುಮತಿ ಇಲ್ಲದೆ ಮಾಡಿದ ಪತ್ರವನ್ನು ಮಕ್ಕಳು ಮುಂದೆ ರದ್ದುಪಡಿಸಿಕೊಳ್ಳಬಹುದು. ‘ಈಗ ಸಹಿ ಹಾಕಿಬಿಡಮ್ಮ, ಆಮೇಲೆ ನೋಡೋಣ’ ಎನ್ನುವ ಹಿರಿಯರ ಮಾತಿಗೆ ಇಲ್ಲಿ ಬೆಲೆ ಕೊಡಬೇಡಿ.

ಊರ ಪಂಚಾಯ್ತಿ ಕಟ್ಟೆಯಲ್ಲಿ ಬಾಂಡ್ ಪೇಪರಿನ ಮೇಲೆ ಬರೆದ ಪಾಲುಪಟ್ಟಿ ಅಗ್ಗ, ಬೇಗ ಆಗುತ್ತದೆ. ಆದರೆ ಅದೇ ಕಾಗದದ ಮೂಲಕ ಭಾಗ ಮಾಡಿಕೊಂಡಿದ್ದರೆ ನೋಂದಣಿ ಕಡ್ಡಾಯ. ನೋಂದಣಿಯಾಗದ ಕಾಗದ ಕೋರ್ಟಿನಲ್ಲಿ ಭಾಗದ ಷರತ್ತುಗಳಿಗೆ ಸಾಕ್ಷ್ಯವಾಗಿ ನಿಲ್ಲದು. ಕಡಿಮೆ ಮುದ್ರಾಂಕಕ್ಕೆ ಹತ್ತು ಪಟ್ಟು ದಂಡ ಬೀಳುವುದೂ ಉಂಟು.

ಪಟ್ಟಣದ ಮನೆ, ನಿವೇಶನಕ್ಕೆ ದಾರಿ ಇದೇ, ಕಚೇರಿ ಮಾತ್ರ ಬೇರೆ: ತುಮಕೂರಿನಲ್ಲಿ ಮಹಾನಗರ ಪಾಲಿಕೆ, ಚಿಂತಾಮಣಿ, ಶಿಡ್ಲಘಟ್ಟದಂಥ ಊರಿನಲ್ಲಿ ನಗರಸಭೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯ್ತಿಯ ಇ-ಸ್ವತ್ತು. ಇ-ಖಾತೆ ಇಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ.

ದುಡ್ಡು: ನಾಮಿನಿ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು

ನಾಮಿನಿ ಇದ್ದರೆ ಬ್ಯಾಂಕ್ ಹಣ ಕೊಟ್ಟುಬಿಡುತ್ತದೆ, ವಕೀಲರ ಪ್ರಶ್ನೆಯೇ ಇಲ್ಲ. ಆದರೆ ನಾಮಿನಿ ಆ ಹಣದ ಒಡೆಯರಲ್ಲ, ವಾರಸುದಾರರ ಪರವಾಗಿ ಪಡೆದುಕೊಳ್ಳುವವರು. ಷೇರುಗಳ ವಿಷಯದಲ್ಲಿ 2023ರ ಶಕ್ತಿ ಯಜ್ದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ವಿಮೆಯ ವಿಷಯದಲ್ಲೂ 1983ರ ಸರ್ಬತಿ ದೇವಿ ಪ್ರಕರಣದಲ್ಲಿ ಹೀಗೇ ಹೇಳಿತ್ತು, ಆದರೆ 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ವಿಮೆಯ ಹಣ ಅವರದೇ. ‘ನನ್ನ ಹೆಸರೇ ನಾಮಿನಿ, ನಿನಗೇನೂ ಇಲ್ಲ’ ಎಂದು ತಮ್ಮನಿಗೆ ಹೇಳುವ ಅಣ್ಣನ ವಾದ ನಿಲ್ಲುವುದಿಲ್ಲ.

ನಾಮಿನಿ ಇಲ್ಲದಾಗ ಮೊತ್ತ ನೋಡಿ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದ ಪ್ರಕಾರ, ತಕರಾರಿಲ್ಲದ ಕ್ಲೇಮು ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇದ್ದರೆ ಸರಳ ವಿಧಾನ ಅನುಸರಿಸಬೇಕು. ಅರ್ಜಿ, ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಪಾಲು ಬಿಡುವವರ ಒಪ್ಪಿಗೆ, ಇಂಡೆಮ್ನಿಟಿ ಬಾಂಡ್ (ನಷ್ಟವಾದರೆ ತುಂಬಿಕೊಡುವ ಮುಚ್ಚಳಿಕೆ) ಇಷ್ಟರಲ್ಲೇ ಮುಗಿಯಬೇಕು. ಎಲ್ಲ ದಾಖಲೆ ಸೇರಿದ 15 ದಿನದೊಳಗೆ ಇತ್ಯರ್ಥವಾಗಬೇಕು. ಶಾಖೆಯಲ್ಲಿ ‘ಕೋರ್ಟ್ ಆರ್ಡರ್ ತನ್ನಿ’ ಎಂದು ಬಾಯಿಮಾತಲ್ಲಿ ಹೇಳಿದರೆ, ಅರ್ಜಿ ಕೊಟ್ಟು ಸ್ವೀಕೃತಿ ಪಡೆದು ಲಿಖಿತ ಉತ್ತರ ಕೇಳಿ. ಎಷ್ಟೋ ಸಲ ಆ ಒಂದು ಹಾಳೆಯೇ ಕೆಲಸ ಮುಗಿಸುತ್ತದೆ. ಡಿಮ್ಯಾಟ್ ಷೇರುಗಳಿಗೂ 15 ಲಕ್ಷದವರೆಗೆ ಇಂಥದ್ದೇ ಸಡಿಲಿಕೆ ಇದೆ. ತೀರಿಕೊಂಡವರ ಖಾತೆ ಯಾವ ಬ್ಯಾಂಕಿನಲ್ಲಿತ್ತು ಎಂಬುದೇ ಗೊತ್ತಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲಿನಲ್ಲಿ ಹುಡುಕಬಹುದು. ಹತ್ತು ವರ್ಷ ಯಾರೂ ಕೇಳದೆ ಉಳಿದ ಠೇವಣಿಗಳ ವಿವರ ಅಲ್ಲಿರುತ್ತದೆ.

ಮಿತಿ ದಾಟಿದರೆ ಅಥವಾ ಜಗಳ ಇದ್ದರೆ ಉತ್ತರಾಧಿಕಾರ ಪ್ರಮಾಣಪತ್ರ. ಇದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 372ನೇ ಕಲಂ ಅಡಿಯ ಅರ್ಜಿ. ತೀರಿಕೊಂಡವರು ವಾಸವಿದ್ದ ಊರಿನ ವ್ಯಾಪ್ತಿಯ ಸಿವಿಲ್ ಕೋರ್ಟಿನಲ್ಲಿ ಹಾಕುವುದು. ಎಲ್ಲ ವಾರಸುದಾರರಿಗೆ ನೋಟಿಸ್, ಪತ್ರಿಕೆಯಲ್ಲಿ ಪ್ರಕಟಣೆ, ಅರ್ಜಿದಾರರ ಸಾಕ್ಷ್ಯ, ಆಮೇಲೆ ಆದೇಶ. ತಕರಾರಿಲ್ಲದಿದ್ದರೂ ಆರು ತಿಂಗಳಿಂದ ವರ್ಷ ಹಿಡಿಯುವುದು ಸಾಮಾನ್ಯ. ಆದೇಶವಾದ ಮೇಲೆ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಿದರೆ ಮಾತ್ರ ಪ್ರಮಾಣಪತ್ರ ಕೈಗೆ ಬರುತ್ತದೆ, ವಕೀಲರ ಫೀ ಬೇರೆ. ಕೆಲವೊಮ್ಮೆ ಜಾಮೀನುದಾರರ ಸಮೇತ ಭದ್ರತಾ ಬಾಂಡನ್ನೂ ಕೋರ್ಟ್ ಕೇಳುತ್ತದೆ.

ಎರಡು ವಿಷಯ ನೆನಪಿಡಿ. ಇದು ಸಾಲ, ಠೇವಣಿ, ಷೇರುಗಳಂಥ ಹಣದ ಬಾಬ್ತಿಗೆ ಮಾತ್ರ. ಜಮೀನಿಗೆ ಉತ್ತರಾಧಿಕಾರ ಪ್ರಮಾಣಪತ್ರ ತರುವೆನೆಂದು ಹೊರಟರೆ ಅರ್ಜಿಯೇ ವ್ಯರ್ಥ. ಮತ್ತೆ, ಅರ್ಜಿಯ ಪಟ್ಟಿಯಲ್ಲಿ ಹೆಸರಿಸಿದ ಬಾಬ್ತುಗಳಿಗಷ್ಟೇ ಅದು ಅನ್ವಯ. ಒಂದು ಠೇವಣಿ ಮರೆತಿದ್ದರೆ ಹೊಸ ಅರ್ಜಿ ಬೇಡ, 376ನೇ ಕಲಂ ಅಡಿ ಅದೇ ಪ್ರಮಾಣಪತ್ರವನ್ನು ವಿಸ್ತರಿಸಿಕೊಳ್ಳಬಹುದು. ಖಾತೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ಬ್ಯಾಂಕ್ ವಾಪಸು ಕಳಿಸುತ್ತದೆ, ಆದ್ದರಿಂದ ಅರ್ಜಿ ಟೈಪಾದ ಮೇಲೆ ಪಾಸ್‌ಬುಕ್ ಪಕ್ಕದಲ್ಲಿಟ್ಟು ನೀವೇ ಓದಿ ನೋಡಿ.

ನರಸಾಪುರ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರ ಪಿ.ಎಫ್. ಬೇರೆಯೇ ದಾರಿ: ಫಾರಂ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರೆ ಆ ವಿಮೆ ಗರಿಷ್ಠ 7 ಲಕ್ಷದವರೆಗೆ ಇದೆ, ಅದನ್ನು ಕೇಳದೇ ಬಿಡುವವರು ಬಹಳ. ವಾಹನಕ್ಕೆ ಆರ್.ಟಿ.ಒ. ಕಚೇರಿಯಲ್ಲಿ ಫಾರಂ 31 ಸಾಕು.

ವಿಲ್ ಇದ್ದರೆ: ಪ್ರೊಬೇಟೋ, ಘೋಷಣೆಯ ದಾವೆಯೋ?

ಪ್ರೊಬೇಟ್ ಎಂದರೆ ‘ಈ ವಿಲ್ ಅಸಲಿ, ಇದನ್ನು ಜಾರಿ ಮಾಡುವ ಅಧಿಕಾರ ಈ ವ್ಯವಸ್ಥಾಪಕರಿಗಿದೆ’ ಎಂದು ಕೋರ್ಟ್ ಕೊಡುವ ಮುದ್ರೆ. ವಿಲ್‌ನಲ್ಲಿ ವ್ಯವಸ್ಥಾಪಕರ ಹೆಸರಿಲ್ಲದಿದ್ದರೆ ಅದರ ಬದಲು ಆಡಳಿತ ಪತ್ರ. ಪ್ರೊಬೇಟ್ ಇಲ್ಲದೆ ವಿಲ್ ನಡೆಯದು ಎಂಬ ಕಡ್ಡಾಯ ಹಿಂದೂಗಳ ಮಟ್ಟಿಗೆ ಮುಂಬಯಿ, ಮದ್ರಾಸು, ಕಲ್ಕತ್ತದ ಕಡೆಯದಾಗಿತ್ತು, 2025ರ ಡಿಸೆಂಬರ್‌ನಲ್ಲಿ ಅದೂ ರದ್ದಾಯಿತು. ಹಳೆ ಮೈಸೂರಿನ ಈ ಜಿಲ್ಲೆಗಳ ಆಸ್ತಿಗೆ ಅದು ಎಂದೂ ತಾಗಿದ್ದಲ್ಲ. ಟಿ.ವಿ. ಧಾರಾವಾಹಿ ನೋಡಿ ಪ್ರೊಬೇಟ್ ಬೇಕೇ ಬೇಕು ಎಂದುಕೊಂಡವರಿಗೆ ಇದು ಸಮಾಧಾನ.

ತಕರಾರಿಲ್ಲದ ವಿಲ್ ಆದರೆ ಅದರ ಆಧಾರದ ಮೇಲೆ ನೇರ ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಸಹಜ ವಾರಸುದಾರರಿಗೆ ನೋಟಿಸ್ ಹೋಗುತ್ತದೆ. ಒಬ್ಬರು ತಕರಾರು ಎತ್ತಿದರೂ ವಿಲ್ ಅಸಲಿಯೇ ನಕಲಿಯೇ ಎಂದು ತೀರ್ಮಾನಿಸುವುದು ತಹಸೀಲ್ದಾರರ ಕೆಲಸವಲ್ಲ, ಸಿವಿಲ್ ಕೋರ್ಟಿನದು.

ಅಲ್ಲಿಗೆ ಬಂದಾಗ ಎರಡು ಬಾಗಿಲು: ಪ್ರೊಬೇಟ್ ಅರ್ಜಿ, ಇಲ್ಲವೇ ಆಸ್ತಿಯ ಹಕ್ಕು ತನ್ನದೆಂದು ಘೋಷಿಸಿ ಎಂದು ಕೇಳುವ ಘೋಷಣೆಯ ದಾವೆ. ಪ್ರೊಬೇಟ್ ಅರ್ಜಿಯಲ್ಲಿ ಕೋರ್ಟ್ ನೋಡುವುದು ವಿಲ್ ಸರಿಯಾಗಿ ಆಗಿದೆಯೇ ಎಂಬುದನ್ನಷ್ಟೇ. ತೀರಿಕೊಂಡವರಿಗೆ ಆ ಆಸ್ತಿಯ ಮೇಲೆ ಹಕ್ಕಿತ್ತೇ ಎಂದು ನೋಡುವುದಿಲ್ಲ. ಪಿತ್ರಾರ್ಜಿತ ಜಮೀನನ್ನೆಲ್ಲ ತನ್ನದೆಂದು ಅಪ್ಪ ಒಬ್ಬ ಮಗನಿಗೆ ಬರೆದಿದ್ದರೆ, ಪ್ರೊಬೇಟ್ ಸಿಕ್ಕರೂ ಉಳಿದವರ ಪಾಲು ಹೋಗುವುದಿಲ್ಲ, ಯಾಕೆಂದರೆ ಅಪ್ಪ ಬರೆಯಬಹುದಾಗಿದ್ದು ತನ್ನ ಪಾಲನ್ನು ಮಾತ್ರ. ಘೋಷಣೆಯ ದಾವೆಯಲ್ಲಿ ವಿಲ್ಲೂ ಹಕ್ಕೂ ಒಟ್ಟಿಗೆ ತೀರ್ಮಾನವಾಗುತ್ತವೆ. ಹಾಗಾಗಿ ಆಸ್ತಿಯೆಲ್ಲ ಈ ಜಿಲ್ಲೆಗಳಲ್ಲೇ ಇದ್ದು, ಹಕ್ಕಿನ ಬಗ್ಗೆಯೇ ಜಗಳವಿದ್ದರೆ ಘೋಷಣೆಯ ದಾವೆಯೇ ಮೇಲು. ದೊಡ್ಡ ಮೊತ್ತದ ಷೇರುಗಳಿದ್ದರೆ, ವಿಲ್ ಇಡೀ ಲೋಕಕ್ಕೆ ಅನ್ವಯಿಸುವಂತೆ ಸಾಬೀತಾಗಬೇಕಿದ್ದರೆ ಪ್ರೊಬೇಟ್ ಖರ್ಚಿಗೆ ತಕ್ಕುದು. ಪ್ರೊಬೇಟಿಗೆ ಆಸ್ತಿ ಮೌಲ್ಯದ ಮೇಲೆ ಕೋರ್ಟ್ ಶುಲ್ಕವಿದೆ. ಅರ್ಜಿ ಹಾಕುವ ಹಕ್ಕು ಹುಟ್ಟಿದ ಮೂರು ವರ್ಷದ ಕಾಲಮಿತಿಯೂ ಅನ್ವಯವಾಗುತ್ತದೆ. ಪ್ರೊಬೇಟ್ ಸಿಕ್ಕ ವ್ಯವಸ್ಥಾಪಕರು ಆರು ತಿಂಗಳಲ್ಲಿ ಆಸ್ತಿಪಟ್ಟಿಯನ್ನೂ ಒಂದು ವರ್ಷದಲ್ಲಿ ಲೆಕ್ಕವನ್ನೂ ಕೋರ್ಟಿಗೆ ಕೊಡಬೇಕು. ಇದನ್ನು ಮೊದಲೇ ಹೇಳುವ ವಕೀಲರು ವಿಷಯ ಬಲ್ಲವರು.

ಯಾವ ಬಾಗಿಲಾದರೂ ಕೇಳುವುದು ಒಂದೇ: ಸಾಕ್ಷಿದಾರರು. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ‘ನಮ್ಮ ಎದುರೇ ಸಹಿ ಹಾಕಿದರು’ ಎನ್ನಬೇಕು. ನೋಂದಣಿಯಾಗಿದೆ ಎಂಬುದು ಸಾಕ್ಷಿಯ ಬದಲಿಗೆ ನಿಲ್ಲದು. ವಿಲ್ ಸಿಕ್ಕಿದ ದಿನವೇ ಆ ಇಬ್ಬರು ಎಲ್ಲಿದ್ದಾರೆ, ಹೇಗಿದ್ದಾರೆ ವಿಚಾರಿಸಿ. ಮೈಸೂರು ಸೀಮೆಯಿಂದ ಸುಪ್ರೀಂ ಕೋರ್ಟಿಗೆ ಹೋದ 1959ರ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಇವತ್ತಿಗೂ ಅಳತೆಗೋಲು. ಲಾಭ ಪಡೆಯುವವರೇ ಮುಂದೆ ನಿಂತು ವಿಲ್ ಬರೆಸಿದ್ದರೆ ಅನುಮಾನ ನೀಗಿಸುವ ಹೊಣೆ ಅವರದೇ.

ವಿಲ್ ಇದೆಯೋ ಇಲ್ಲವೋ ತಿಳಿಯಲು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿದವರು ‘ಏನೂ ಇಲ್ಲ’ ಎಂದು ಬಂದುಬಿಡುತ್ತಾರೆ. ಇ.ಸಿ. ಬರುವುದು ನೋಂದಣಿ ಕಚೇರಿಯ ಒಂದನೇ ಪುಸ್ತಕದಿಂದ, ವಿಲ್ ದಾಖಲಾಗುವುದು ಮೂರನೇ ಪುಸ್ತಕದಲ್ಲಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮರಣ ಪ್ರಮಾಣಪತ್ರ ಕೊಟ್ಟು ಪ್ರತ್ಯೇಕವಾಗಿ ಹುಡುಕಿಸಬೇಕು.

ಒಮ್ಮತ ಇಲ್ಲದಾಗ

ಭಾಗದ ದಾವೆಯ ನಿಜವಾದ ಬೆಲೆ ಕಾಲ. ಕೋರ್ಟ್ ಶುಲ್ಕ ಅಷ್ಟೇನಿಲ್ಲ. ಜಂಟಿ ಸ್ವಾಧೀನದಲ್ಲಿದ್ದೇವೆ ಎಂದು ಹೇಳುವವರಿಗೆ ಗರಿಷ್ಠ 200 ರೂಪಾಯಿ. ಸ್ವಾಧೀನದಿಂದ ಹೊರಹಾಕಿದ್ದಾರೆ ಎಂದಾದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಆದ್ದರಿಂದ ದಾವೆಯಲ್ಲಿ ಸ್ವಾಧೀನದ ಬಗ್ಗೆ ಬರೆಯುವ ಒಂದು ಸಾಲು ದುಬಾರಿಯಾಗಬಹುದು. ಮೊದಲು ಪ್ರಾಥಮಿಕ ಡಿಕ್ರಿ ಯಾರಿಗೆಷ್ಟು ಎನ್ನುತ್ತದೆ, ಆಮೇಲೆ ಎಫ್.ಡಿ.ಪಿ.ಯಲ್ಲಿ (ಅಂತಿಮ ಡಿಕ್ರಿಯ ನಡವಳಿ) ಯಾವ ಭಾಗ ಯಾರಿಗೆ ಎಂದು ಅಳೆಯಬೇಕು. ಕಂದಾಯದ ಜಮೀನಾದರೆ ಅದು ಜಿಲ್ಲಾಧಿಕಾರಿ ಮೂಲಕ ಸರ್ವೆಗೆ ಹೋಗುತ್ತದೆ. ಡಿಕ್ರಿ ಬಂತೆಂದು ಹೋಳಿಗೆ ಊಟ ಹಾಕಿಸಿ, ಅರ್ಧ ದಾರಿಯಷ್ಟೇ ಬಂದಿದ್ದೇವೆ ಎಂದು ಆಮೇಲೆ ತಿಳಿದುಕೊಂಡ ಮನೆಗಳು ಕಡಿಮೆಯಿಲ್ಲ.

ಇದಕ್ಕೆ ಹೋಲಿಸಿದರೆ ಲೋಕ ಅದಾಲತ್ತಿನ ರಾಜಿ ಬೇಗ, ಅಗ್ಗ. ಅಲ್ಲಿನ ತೀರ್ಪು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು. ಮೇಲ್ಮನವಿ ಇಲ್ಲ ಎಂಬುದೇ ಅದರ ಅಪಾಯವೂ ಹೌದು. ರಾಜಿ ಪತ್ರದಲ್ಲಿ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಗುಂಟೆ ಲೆಕ್ಕ, ದಾರಿ, ಕೊಳವೆಬಾವಿಯ ನೀರಿನ ಸರದಿ ಸ್ಪಷ್ಟವಾಗಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಜಮೀನಿಗಿಂತ ಕೊಳವೆಬಾವಿ ಯಾರ ಪಾಲಿಗೆ ಎಂಬುದೇ ಜಗಳದ ಮೂಲ, ಪಾಲುಪಾರಿಕತ್ತಿನಲ್ಲೂ ಅದಕ್ಕೊಂದು ಪೂರ್ತಿ ಪ್ಯಾರಾ ಇರಲಿ.

ಯಾರ ನೆರವು?

ಪತ್ರ ಬರಹಗಾರರು ಸಬ್ ರಿಜಿಸ್ಟ್ರಾರ್ ಕಚೇರಿಯ ಒಳಹೊರಗು ಬಲ್ಲವರು. ವಾರಸುದಾರರೆಲ್ಲ ಒಪ್ಪಿ, ವಯಸ್ಕರೇ ಇದ್ದು, ಹಕ್ಕಿನಲ್ಲಿ ತೊಡಕಿಲ್ಲದ ಪಾಲುಪಾರಿಕತ್ತಿಗೆ ಅವರು ಸಾಕು. ಅಪ್ರಾಪ್ತರು, ಎರಡನೇ ಮದುವೆ, ದತ್ತು, ಮಂಜೂರಾತಿ ಜಮೀನು, ನಡೆಯುತ್ತಿರುವ ಕೇಸು ಇವುಗಳಲ್ಲಿ ಒಂದಿದ್ದರೂ ಕರಡನ್ನು ವಕೀಲರಿಗೆ ತೋರಿಸಿ. ನಾಡಕಚೇರಿ ಮುಂದೆ ‘ನಾನು ಮಾಡಿಸಿಕೊಡ್ತೀನಿ’ ಎನ್ನುವ ಮಧ್ಯವರ್ತಿಗಳಿಂದ ಅರ್ಜಿ ಬರೆಸಿಕೊಳ್ಳಬಹುದು, ಮೂಲ ಪತ್ರ ಮಾತ್ರ ಕೊಡಬೇಡಿ.

ತಾಲ್ಲೂಕಿನ ವಕೀಲರೋ, ಜಿಲ್ಲಾ ಕೇಂದ್ರದವರೋ, ಬೆಂಗಳೂರಿನವರೋ? ಜಮೀನು ಇರುವ ತಾಲ್ಲೂಕಿನವರಿಗೆ ಕಂದಾಯ ದಾಖಲೆ, ಸರ್ವೆ ಕಚೇರಿ, ಊರಿನ ಪರಿಸ್ಥಿತಿ ಗೊತ್ತು. ಪ್ರತಿ ವಾಯಿದೆಗೂ ತಾವೇ ಹಾಜರಿರುತ್ತಾರೆ. ಮಾಲೂರಿನ ಜಮೀನಿಗೆ ಬೆಂಗಳೂರಿನ ವಕೀಲರನ್ನು ಹಿಡಿದರೆ ಬಹಳ ಸಲ ವಾಯಿದೆಗೆ ನಿಲ್ಲುವುದು ಸ್ಥಳೀಯ ಕಿರಿಯರೇ, ಫೀ ಮಾತ್ರ ಬೆಂಗಳೂರಿನದು. ಹಲವು ಜಿಲ್ಲೆಗಳ ಆಸ್ತಿ, ಷೇರು, ಹೊರದೇಶದ ವಾರಸುದಾರರು ಇದ್ದಾಗ ಅಂಥವರಿಂದ ಅಭಿಪ್ರಾಯ ಪಡೆದು, ಕೇಸನ್ನು ಸ್ಥಳೀಯರಿಂದಲೇ ನಡೆಸುವುದು ಜಾಣತನ. ಊರಿನ ವಕೀಲರಲ್ಲಿ ನೋಡಬೇಕಾದ ಒಂದು ತೊಡಕು: ಅವರು ಎದುರು ಪಾರ್ಟಿಗೂ ಬೇಕಾದವರಾಗಿರಬಹುದು. ‘ನಮ್ಮ ಚಿಕ್ಕಪ್ಪನ ಕೇಸು ನಡೆಸಿದ್ದೀರಾ ಸರ್?’ ಎಂದು ನೇರವಾಗಿ ಕೇಳುವುದರಲ್ಲಿ ಅಗೌರವವಿಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಬಡವರಿಗಷ್ಟೇ ಎಂದು ಬಿಡಬೇಡಿ. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಪಾಲು ಸಿಗದ ಅಕ್ಕತಂಗಿಯರಿಗೂ, ಗಂಡನ ಮನೆಯವರು ಖಾತೆಗೆ ಸೇರಿಸದ ವಿಧವೆಗೂ ಇದು ಮೊದಲ ಬಾಗಿಲು. ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇದೆ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ, ಸಹಾಯವಾಣಿ 15100. ವಕೀಲರನ್ನು ಆರಿಸುವ ಅವಕಾಶ ಕಡಿಮೆ ಎಂಬುದು ಕೊರತೆ. ನೇಮಿಸಿದವರು ಸ್ಪಂದಿಸದಿದ್ದರೆ ಬದಲಿಸಿ ಎಂದು ಲಿಖಿತವಾಗಿ ಕೇಳಿ.

ಫೀ ವಿಷಯದಲ್ಲಿ ಸಂಕೋಚ ಬೇಡ. ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು, ಕೋರ್ಟ್ ಶುಲ್ಕ, ಪತ್ರಿಕಾ ಪ್ರಕಟಣೆ, ಟೈಪಿಂಗ್ ಅದರಲ್ಲಿ ಸೇರಿದೆಯೇ, ಎಫ್.ಡಿ.ಪಿ.ಗೆ ಬೇರೆಯೇ ಎಂದು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ‘ಗೆದ್ದರೆ ಜಮೀನಲ್ಲಿ ಹತ್ತು ಗುಂಟೆ ಕೊಡಿ, ಈಗ ಏನೂ ಬೇಡ’ ಎನ್ನುವವರಿಂದ ದೂರವಿರಿ. ಫಲಿತಾಂಶದ ಮೇಲೆ ಫೀ ನಿಗದಿ ಮಾಡುವುದನ್ನೂ ಗೆದ್ದ ಆಸ್ತಿಯಲ್ಲಿ ಪಾಲು ಪಡೆಯುವುದನ್ನೂ ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ಫೀ ಬಾಕಿ ಇದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕೂ ವಕೀಲರಿಗಿಲ್ಲ, 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಆದರೂ ಮೂಲ ಪತ್ರ ಕೊಡುವಾಗ ಪಟ್ಟಿ ಮಾಡಿ ಸಹಿ ಪಡೆಯುವುದು ಒಳ್ಳೆಯ ಅಭ್ಯಾಸ.

ಮೊದಲ ಭೇಟಿಗೆ ಬರಿಗೈಲಿ ಹೋಗಬೇಡಿ. ಮರಣ ಪ್ರಮಾಣಪತ್ರ, ನೀವೇ ಹಾಳೆಯಲ್ಲಿ ಬರೆದ ವಂಶವೃಕ್ಷ (ತೀರಿಕೊಂಡವರ ಅಂದಾಜು ವರ್ಷಗಳ ಸಮೇತ), ಇತ್ತೀಚಿನ ಪಹಣಿ, ಆ ಜಮೀನು ಮನೆಗೆ ಬಂದ ಮೂಲ ಎಂ.ಆರ್. ಅಥವಾ ಕ್ರಯಪತ್ರ, ಇ.ಸಿ., ಬ್ಯಾಂಕ್ ಮತ್ತು ಸೊಸೈಟಿ ಸಾಲದ ವಿವರ ಇಷ್ಟಿರಲಿ. ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದರ ಮೇಲೆ ಪಾಲಿನ ಲೆಕ್ಕವೇ ಬದಲಾಗುವುದರಿಂದ, ಮೂಲ ಕಾಗದ ನೋಡದೆ ‘ನಿಮಗೆ ಮೂರನೇ ಒಂದು ಬರುತ್ತೆ’ ಎಂದು ಲೆಕ್ಕ ಹೇಳುವವರ ಮಾತು ನೆಚ್ಚಬೇಡಿ. ಸಾಲದ ಬಗ್ಗೆ ಹೆದರಿಕೆಯೂ ಬೇಡ: ತೀರಿಕೊಂಡವರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಿತಿಯಷ್ಟಕ್ಕೆ ಮಾತ್ರ, ನೀವೇ ಜಾಮೀನು ನಿಂತಿರದಿದ್ದರೆ.

ಕೆಲಸ ಮುಗಿದ ಮೇಲೆ ಬಿಟ್ಟುಹೋಗುವ ಒಂದು ಹೆಜ್ಜೆ ಇದೆ. ನೋಂದಾಯಿತ ಪತ್ರವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದಲೇ ‘ಭೂಮಿ’ ಶಾಖೆಗೆ (ಪಹಣಿಯ ಕಂಪ್ಯೂಟರ್ ದಾಖಲೆ ನೋಡಿಕೊಳ್ಳುವ ಶಾಖೆ) ಮಾಹಿತಿ ಹೋಗಿ ಮ್ಯುಟೇಷನ್ ಶುರುವಾಗುತ್ತದೆ. ಕೋರ್ಟ್ ಡಿಕ್ರಿಗೂ ವಿಲ್‌ಗೂ ಹಾಗಲ್ಲ, ದೃಢೀಕೃತ ನಕಲು ಹಿಡಿದು ನೀವೇ ಅರ್ಜಿ ಹಾಕಬೇಕು. ಎಂ.ಆರ್. ಆದ ಮೇಲೆ ಹೊಸ ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಹೆಸರು, ವಿಸ್ತೀರ್ಣದ ಗುಂಟೆ ಲೆಕ್ಕ ಸರಿಯಿದೆಯೇ, 11ನೇ ಕಾಲಂನಲ್ಲಿ ತೀರಿಸಿದ ಸಾಲದ ನಮೂದು ಇನ್ನೂ ಉಳಿದಿದೆಯೇ ನೋಡಿ. ತಪ್ಪಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗುವ ಅವಕಾಶ 136ನೇ ಕಲಂನಲ್ಲಿದೆ, ಕಾಲಮಿತಿ ಕಳೆಯುವ ಮೊದಲೇ ಹಾಕಿ.